ಬಡತನ ಸ್ವಲ್ಪ ಕಮ್ಮಿ ಬಿದ್ದ ಮಾವ

ಏಳನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್‌ನಿಂದ ಜಾರಿಯಾದಾಗ ನಮ್ಮ ಸೋದರಮಾವನ ಕಚೇರಿಯಲ್ಲಿ ಮೈಸೂರು ಪಾಕು ಹಂಚಿದರು. ಮಾವ ಮಾತ್ರ ತಮ್ಮ ಪಾಲಿನ ತುಂಡು ಕೈಯಲ್ಲಿ ಹಿಡಿದುಕೊಂಡು ಸೂತಕದ ಮನೆಯಲ್ಲಿ ಕೂತವರ ಹಾಗೆ ಕೂತಿದ್ದರಂತೆ. ಸಂಬಳ ಏರಿತೆಂದು ಸಂಕಟಪಟ್ಟ ಪ್ರಥಮ ದರ್ಜೆ ಸಹಾಯಕರು ರಾಜ್ಯದಲ್ಲಿ ಇವರೊಬ್ಬರೇ ಇರಬೇಕು ಅಂದುಕೊಂಡಿದ್ದೆ. ವಿಚಾರಿಸಿದರೆ, ಮಕ್ಕಳು ಸೈನ್ಸ್ ಓದುತ್ತಿರುವ ಗುಮಾಸ್ತರು ಇರುವ ಕಡೆಯೆಲ್ಲ ಇಂಥವರೊಬ್ಬರು ಸಿಗುತ್ತಾರೆ.

ಎಲ್ಲಕ್ಕೂ ಕಾರಣ 8 ಲಕ್ಷ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಅಂತ ಸೀಟುಗಳಿವೆ. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ. ಸಿಕ್ಕಿದರೆ ಬೋಧನಾ ಶುಲ್ಕ ಪೂರಾ ಮಾಫಿ. ರ‍್ಯಾಂಕ್ ಚೆನ್ನಾಗಿರಬೇಕು, ಮನೆಯ ವಾರ್ಷಿಕ ಆದಾಯ 8 ಲಕ್ಷ ದಾಟಿರಬಾರದು. ರ‍್ಯಾಂಕಿನ ಬಗ್ಗೆ ಮಾವನಿಗೆ ಚಿಂತೆಯಿರಲಿಲ್ಲ, ಮಗಳು ಓದುವವಳು. ಭಯವೆಲ್ಲ ತಮ್ಮ ಬೇಸಿಕ್ಕಿನದು. ಆಯೋಗ ಶೇ 27.5ರ ಫಿಟ್‌ಮೆಂಟ್ ಕೊಟ್ಟ ಮೇಲೆ ರಾತ್ರಿಯೆಲ್ಲ ಕೂತು ಲೆಕ್ಕ ಹಾಕಿದರು. 8 ಲಕ್ಷಕ್ಕಿಂತ ಹನ್ನೆರಡು ಸಾವಿರ ಚಿಲ್ಲರೆ ಜಾಸ್ತಿ ಬಂತು.

“ನೋಡಯ್ಯಾ, ಹನ್ನೆರಡು ಸಾವಿರಕ್ಕೆ ನನ್ನ ಬಡತನ ಹೊರಟೋಯ್ತು,” ಅಂದರು, ಒಡವೆ ಕಳಕೊಂಡವರ ದನಿಯಲ್ಲಿ.

ಸುಮ್ಮನೆ ಕೂರುವ ಆಸಾಮಿಯಲ್ಲ. ಮಾರನೇ ದಿನ ಸಾಹೇಬರ ಮುಂದೆ ನಿಂತು ಒಂದು ವಾರ ಸಂಬಳವಿಲ್ಲದ ರಜೆ ಕೇಳಿದರು. ಸಾಹೇಬರು ಕಡತ ತೆಗೆಸಿ ನೋಡಿ, “ಏನ್ರೀ, ನಿಮ್ಮ ಖಾತೇಲಿ 300 ದಿನ ಗಳಿಕೆ ರಜೆ ಕೂತಿದೆ. ಸಂಬಳ ಬಿಟ್ಟು ಯಾಕ್ರೀ ಹೋಗ್ತೀರಿ?” ಅಂದರು. ಇಪ್ಪತ್ತೈದು ವರ್ಷ ರಜೆ ಹಾಕದೆ ದುಡಿದಿದ್ದಕ್ಕೆ ಮಾವ ಪಶ್ಚಾತ್ತಾಪಪಟ್ಟಿದ್ದು ಅದೊಂದೇ ದಿನ. ಆಮೇಲೆ ತುಟ್ಟಿಭತ್ಯೆ ಬಾರದಿರಲೆಂದು ಹರಕೆ ಹೊತ್ತು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದರು. ಬಂತು. ಬೆಟ್ಟಕ್ಕೆ ಅವರ ಸಹೋದ್ಯೋಗಿಗಳೂ ಹೋಗಿದ್ದರೆಂದು ಕಾಣುತ್ತದೆ, ತಾಯಿ ಬಹುಮತಕ್ಕೆ ಬೆಲೆ ಕೊಟ್ಟಳು.

ಬಡತನ ಕೈಕೊಟ್ಟ ಮೇಲೆ ಮಾವ ಪ್ರತಿಭೆಯನ್ನು ಹಿಡಿದರು. ಆದಾಯ ಕೇಳದೆ ಬರೀ ಮೆರಿಟ್ ನೋಡಿ ಸ್ಕಾಲರ್‌ಶಿಪ್ ಕೊಡುವ ಕಾಲೇಜುಗಳ ಬೇಟೆ ಶುರುವಾಯಿತು. ಕಂಕುಳಲ್ಲಿ ಪ್ಲಾಸ್ಟಿಕ್ ಫೋಲ್ಡರು, ಅದರೊಳಗೆ ಮೂರು ರಾಜ್ಯದ ಬ್ರೋಷರು. ಮದುವೆಮನೆಯಲ್ಲಿ ಪಂಕ್ತಿಗೆ ಕೂತರೆ ಕೋಸಂಬರಿ ಬಡಿಸುವ ಹುಡುಗನನ್ನೂ ನಿಲ್ಲಿಸಿ, “ಸಿಇಟೀಲಿ ಎಷ್ಟಪ್ಪಾ?” ಅನ್ನುವರು. ವೆಲ್ಲೂರಿನ ವಿಐಟಿಯ ಕೋಷ್ಟಕ ಅವರಿಗೆ ವಿಷ್ಣುಸಹಸ್ರನಾಮಕ್ಕಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು: ಬೋರ್ಡಿಗೇ ಮೊದಲು ಬಂದವರಿಗೆ ನಾಲ್ಕೂ ವರ್ಷ ಬೋಧನಾ ಶುಲ್ಕವಿಲ್ಲ, ಅವರ ಪರೀಕ್ಷೆಯಲ್ಲಿ ಮೊದಲ 10 ರ‍್ಯಾಂಕಿಗೆ ಮುಕ್ಕಾಲು ಮಾಫಿ, 50ರವರೆಗೆ ಅರ್ಧ, 100ರವರೆಗೆ ಕಾಲು. ಮಗಳ ರ‍್ಯಾಂಕ್ ಸಾವಿರಗಳಲ್ಲಿ ಬಂತು. “ನೂರರ ಮೇಲೆ ಏನೂ ಇಲ್ವಂತೆ, ಅರ್ಧಕಾಲಾದ್ರೂ ಇಡಬಾರ್ದಾ?” ಎಂದು ನನ್ನನ್ನೇ ದಬಾಯಿಸಿದರು, ಆ ಕೋಷ್ಟಕ ನಾನೇ ಬರೆದಂತೆ.

ಸುದ್ದಿ ಹೇಗೋ ಹರಡಿ, ಈಗ ಕಾಲೇಜುಗಳೇ ಮಾವನನ್ನು ಹುಡುಕತೊಡಗಿದವು. ಒಂದು ಕಡೆಯಿಂದ ಇಂಪಾದ ದನಿಯ ಹುಡುಗಿ ಫೋನು ಮಾಡಿ, “ಸರ್, ನಿಮ್ಮ ಮಗಳಿಗೆ ಶೇ 50 ಮೆರಿಟ್ ಸ್ಕಾಲರ್‌ಶಿಪ್ ಸ್ಯಾಂಕ್ಷನ್ ಆಗಿದೆ, ಭಾನುವಾರದೊಳಗೆ ಸೀಟ್ ಬ್ಲಾಕ್ ಮಾಡಬೇಕು” ಅಂದಳು. ಅಂಕಪಟ್ಟಿ ಕೇಳಲಿಲ್ಲ, ಹೆಸರನ್ನೂ ತಪ್ಪಾಗಿ ಹೇಳಿದಳು. ಮಾವ ಆನಂದದಿಂದ ಅತ್ತೆಯನ್ನು ಕೂಗಿದರು.

ಅತ್ತೆ ಹುರುಳಿಕಾಯಿ ಸೋಸುತ್ತಿದ್ದರು. ತಲೆಯೆತ್ತಲಿಲ್ಲ. “ವರ್ಷಕ್ಕೆ ಎಷ್ಟಂತೆ ಫೀಸು?”

“ಐದು ಲಕ್ಷ. ಆದ್ರೆ ಅರ್ಧ ಮಾಫಿ ಕಣೇ!”

“ಎರಡೂವರೆ ಲಕ್ಷ ಆಯ್ತಲ್ಲ. ಸಿಇಟಿ ಸೀಟಿಗೆ ಮಾಫಿ ಏನೂ ಇಲ್ದೇನೂ ಅದರಲ್ಲಿ ಅರ್ಧ ಆಗಲ್ಲ. ಆಷಾಢದ ಸೇಲಿನಲ್ಲಿ ಸೀರೆ ತಗೊಂಡು ಗೊತ್ತಿಲ್ವಾ ನಿಮಗೆ? ಮೊದಲು ಚೀಟಿ ಮೇಲೆ ಜಾಸ್ತಿ ಬರೀತಾರೆ, ಆಮೇಲೆ ಕೆಂಪು ಶಾಯೀಲಿ ಹೊಡೀತಾರೆ.”

ಕೌನ್ಸೆಲಿಂಗ್ ಕೂಡ ಹೆಚ್ಚುಕಡಿಮೆ ಆಷಾಢದಲ್ಲೇ ನಡೆಯುತ್ತದೆಂಬುದು ನನಗೆ ಹೊಳೆದದ್ದು ಆಗಲೇ. ಆ ಸ್ಕಾಲರ್‌ಶಿಪ್ಪಿನ ಪತ್ರದ ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಪ್ರತಿ ಸೆಮಿಸ್ಟರ್ ಇಷ್ಟು ಸಿಜಿಪಿಎ ಬರಬೇಕು, ಒಂದು ವಿಷಯ ಹೋದರೂ ಮಾಫಿ ರದ್ದು, ಹಾಸ್ಟೆಲು ಮೆಸ್ಸು ಇದಕ್ಕೆ ಸೇರಿಲ್ಲ ಎಂದೆಲ್ಲ ಇತ್ತು. ಅದನ್ನು ಓದಲು ಮಾವ ಕನ್ನಡಕದ ಮೇಲೆ ಭೂತಗನ್ನಡಿ ಇಡಬೇಕಾಯಿತು.

ಓದಿ ಮುಗಿಸಿ ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಗೋಡೆಯ ಮೇಲಿದ್ದ ಪೇಟದ ಫೋಟೋ ತೋರಿಸಿದರು. “ವಿಶ್ವೇಶ್ವರಯ್ಯನೋರನ್ನ ಮೈಸೂರು ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟು ಪುಣೆಗೆ ಕಳಿಸ್ತು. ಅವತ್ತು ಯಾರಾದ್ರೂ ಇನ್‌ಕಮ್ ಸರ್ಟಿಫಿಕೇಟಿನ ನಾಡಕಚೇರಿ ಆರ್‌ಡಿ ನಂಬರ್ ಕೇಳಿದ್ರಾ?”

ಆಮೇಲೆ ಅವರಿಗೆ ಇನ್ನೊಂದು ಯೋಚನೆ ಬಂತು. ಮುಂದಿನ ವರ್ಷ ತಾವು ನಿವೃತ್ತರು. ಪಿಂಚಣಿ ಸಂಬಳದ ಅರ್ಧ. ಬಡತನ ತಾನಾಗಿ ವಾಪಸು ಬರುತ್ತದೆ. ಆದರೆ ಎಸ್‌ಎನ್‌ಕ್ಯೂ ಸೀಟು ಸೇರುವಾಗಲೇ ಸಿಗಬೇಕು, ಮಧ್ಯದಲ್ಲಿ ಕೊಡುವುದಿಲ್ಲ. ಮಗಳನ್ನು ಹತ್ತಿರ ಕೂರಿಸಿಕೊಂಡು ನಯವಾಗಿ ಕೇಳಿದರು: “ಒಂದು ವರ್ಷ ಮನೇಲೇ ಇರ್ತೀಯೇನಮ್ಮಾ?”

“ನೀವೇ ಒಂದು ವರ್ಷ ಮುಂಚೆ ಹುಟ್ಟಬಹುದಿತ್ತಲ್ಲಪ್ಪಾ,” ಅಂದಳು ಅವಳು, ಮೊಬೈಲಿನಲ್ಲಿ ಆಪ್ಷನ್ ಎಂಟ್ರಿ ಮಾಡುತ್ತಲೇ.

ಮಾಮೂಲಿ ಸಿಇಟಿ ಸೀಟಿನಲ್ಲೇ ಮೈಸೂರಿನ ಕಾಲೇಜು ಸಿಕ್ಕಿತು. ಬೆಟ್ಟ ಹತ್ತಿ ಬೇಡವೆಂದು ಬೇಡಿಕೊಂಡಿದ್ದ ತುಟ್ಟಿಭತ್ಯೆಯ ಬಾಕಿ ಆ ವಾರವೇ ಖಾತೆಗೆ ಬಿತ್ತು. ಅದಕ್ಕೆ ಒಂದಿಷ್ಟು ಜಿಪಿಎಫ್ ಸೇರಿಸಿ ಮಾವ ಮೊದಲ ವರ್ಷದ ಫೀಸು ಕಟ್ಟಿ ಬಂದರು.