ಹಡಗು ಯಜಮಾನರು

ಚಳಿಗಾಲದಲ್ಲಿ ಗೆಳೆಯರನ್ನೆಲ್ಲ ಹಡಗು ಹತ್ತಿಸಿ, ಸಮುದ್ರದ ಮೇಲೆ ನಾಲ್ಕು ದಿನ ಸುತ್ತಾಡಿಸಿಕೊಂಡು ಬರುವ ಹೊಣೆಯನ್ನು ಯಾರೂ ಒಪ್ಪಿಸದಿದ್ದರೂ ತಾವಾಗಿ ಹೊತ್ತುಕೊಂಡವರು ಹಡಗು ಯಜಮಾನರು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯಲ್ಲೆಲ್ಲ ಇಂಥವರು ಸಿಗುತ್ತಾರಾದರೂ ಸಕಲ ಲಕ್ಷಣಗಳೂ ಕೂಡಿಬಂದ ಮಾದರಿ ಇರುವುದು ಅಡಿಕೆ ವ್ಯಾಪಾರಕ್ಕೆ ಹೆಸರಾದ ಭೀಮಸಮುದ್ರದಲ್ಲಿ. ಇಲ್ಲಿನ ವಿವರಗಳು ಇಡೀ ವರ್ಗಕ್ಕೆ ಅನ್ವಯಿಸುತ್ತವೆ. ಎಲ್ಲೋ ಒಂದೆರಡು ಕಡೆ ಒಬ್ಬರನ್ನೇ ಕುರಿತು ಬರೆದಂತೆ ಕಂಡರೆ ಅದು ಆಕಸ್ಮಿಕ. ಅವರೂ ಹಾಗೆಯೇ ತಿಳಿದುಕೊಂಡರೆ ಸ್ನೇಹ ಉಳಿಯುತ್ತದೆ.

ಇವರನ್ನು ಗುರುತಿಸುವುದು ಕಷ್ಟವಲ್ಲ. ವಯಸ್ಸು ಅರವತ್ತರ ಆಸುಪಾಸು. ಒಂದಷ್ಟು ತೋಟ, ಜೊತೆಗೆ ಅಡಿಕೆ ವ್ಯಾಪಾರ. ಮಗ ಬೆಂಗಳೂರಿನಲ್ಲಿ, ಮಗಳು ಇನ್ನೂ ದೂರದಲ್ಲಿ. ಜೇಬಿನಲ್ಲಿ ಎರಡು ಮೊಬೈಲು, ಕಂಕುಳಲ್ಲಿ ಉದ್ದನೆಯ ಕಿರ್ದಿ ಪುಸ್ತಕ. ಕಿರ್ದಿಯನ್ನು ಮುಂದಿನಿಂದ ತೆರೆದರೆ ಖೇಣಿ ಹಿಡಿದ ತೋಟಗಳ ಲೆಕ್ಕ, ಹಿಂದಿನಿಂದ ತೆರೆದರೆ ಹಡಗುಗಳ ಲೆಕ್ಕ. ಎರಡೂ ಲೆಕ್ಕ ನಡುವೆ ಒಂದನ್ನೊಂದು ಮುಟ್ಟಿದ ದಿನ ಹೊಸ ಪುಸ್ತಕ ಬರುತ್ತದೆ. ಸಂಜೆ ಕೆರೆ ಏರಿಯ ಮೇಲೆ ಗೆಳೆಯರು ಕೂಡಿದಾಗ ‘ಈ ಸಲ ಹೋಗೋದೇ ಕಣ್ರಪ್ಪಾ’ ಎಂದು ಘೋಷಿಸುವುದು ಇವರ ಪದ್ಧತಿ. ಆ ಗೆಳೆಯರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಗೊಬ್ಬರದ ಅಂಗಡಿಯವರು, ಉಳಿದವರು ತೋಟದವರು. ಪತ್ರಿಕೆಗಳಿಗೆ ಆಗಾಗ ಬರೆದು, ಅಚ್ಚಾದ ಮೇಲೆ ತಾವೊಬ್ಬರೇ ಓದಿಕೊಳ್ಳುವ ಒಬ್ಬರೂ ಇದ್ದಾರೆ. ಈ ಕೊನೆಯವರಿಗೆ ಆಗುಂಬೆ ಘಾಟಿಯ ತಿರುವುಗಳಲ್ಲೇ ವಾಂತಿಯಾಗುತ್ತದೆ. ಆದರೂ ಹಡಗಿನ ವಿಷಯದಲ್ಲಿ ಅವರಷ್ಟು ಉತ್ಸಾಹಿ ಯಾರೂ ಇಲ್ಲ, ಹಡಗು ಹೊರಡುವುದಿಲ್ಲವೆಂಬ ಭರವಸೆ ಅವರಿಗೆ ಅಷ್ಟಿದೆ.

ಸಮುದ್ರದ ಮಟ್ಟಿಗೆ ಚಳಿಗಾಲದ ಆಯ್ಕೆ ಸರಿಯಾದುದೇ. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರ ಯಾರ ಮಾತನ್ನೂ ಕೇಳುವುದಿಲ್ಲ. ನವೆಂಬರಿನಿಂದ ಫೆಬ್ರುವರಿಯವರೆಗೆ ಅದು ಬಹುಮಟ್ಟಿಗೆ ಸಮಾಧಾನದಲ್ಲಿರುತ್ತದೆ. ವಿದೇಶಿ ಪ್ರವಾಸಿ ಹಡಗುಗಳು ನವಮಂಗಳೂರು ಬಂದರಿಗೆ ಬರುವುದೂ ಆಗಲೇ. ತೊಡಕು ಇರುವುದು ತೋಟದ ಕಡೆಯಿಂದ. ಅಡಿಕೆಯ ಕೊಯ್ಲು ಬಿರುಸಾಗಿರುವ ಕಾಲವೂ ಅದೇ. ಕೊನೆ ಇಳಿಸಬೇಕು, ಸುಲಿಸಬೇಕು, ಚೊಗರಿನಲ್ಲಿ ಬೇಯಿಸಬೇಕು, ಕಣದಲ್ಲಿ ಹರವಿ ಒಣಗಿಸಬೇಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತೆಂದರೆ ಭೀಮಸಮುದ್ರದ ಕಣಗಳಲ್ಲಿ ಟಾರ್ಪಾಲು ಹುಡುಕಾಟ ಶುರು. ಹೀಗಾಗಿ ಕಡಲಿನ ಹವಾಮಾನ ಇವರಿಗೆ ಕಂಠಪಾಠ. ಅದು ಹಡಗಿಗಾಗಿಯೋ ಅಡಿಕೆಗಾಗಿಯೋ ಎಂಬುದು ಮನೆಯವರಿಗೂ ತಿಳಿಯದು. ಕೊಯ್ಲು ಮುಗಿಯುವ ಹೊತ್ತಿಗೆ ಹಡಗಿನ ಕಾಲವೂ ಮುಗಿಯುತ್ತ ಬಂದಿರುತ್ತದೆ. ಬರಗಾಲದ ವರ್ಷಗಳಲ್ಲಿ ಕೊಯ್ಲಿನ ಅಡ್ಡಿ ಇರುವುದಿಲ್ಲ. ಆದರೆ ಕೆರೆ ಬತ್ತಿ, ಬೋರು ನಿಂತು, ಟ್ಯಾಂಕರಿನಲ್ಲಿ ಗಿಡಕ್ಕೆ ನೀರು ಹೊಡೆಸುವಾಗ ಸಮುದ್ರದ ಮಾತೆತ್ತುವ ಧೈರ್ಯ ಯಾರಿಗೂ ಬರುವುದಿಲ್ಲ.

ದಾರಿಗಳ ಪರಿಶೀಲನೆ ಮುಂಬಯಿಯಿಂದ ಆರಂಭವಾಗುತ್ತದೆ. ಚಿತ್ರದುರ್ಗವನ್ನು ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿ ಸೀದಾ ಮುಂಬಯಿಗೆ ಹೋಗುವುದರಿಂದ ಅದು ಪಕ್ಕದೂರು ಎಂಬ ಭಾವನೆ ಇಲ್ಲಿದೆ. ಅಲ್ಲಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳಿಗೆ ಕೊರ್ಡೆಲಿಯಾ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಎಂಪ್ರೆಸ್ ಎಂಬ ಹಡಗನ್ನು ಓಡಿಸಲು ತೊಡಗಿತು. ಈಜುಕೊಳ, ನಾಟಕಶಾಲೆ, ಹನ್ನೊಂದು ಅಂತಸ್ತು ಎಲ್ಲವೂ ಉಂಟು. ಆದರೆ ಹಡಗು ಪ್ರಯಾಣ ಶುರುಮಾಡಿದ್ದು 1990ರಲ್ಲಿ ಎಂಬುದನ್ನು ಯಜಮಾನರು ಪತ್ತೆಮಾಡಿದರು. ‘ಹದಿನೈದು ವರ್ಷದ ಲಾರಿಗೆ ಎಫ್‌ಸಿ ಮಾಡಿಸೋದೇ ಎಷ್ಟು ಕಷ್ಟ ಗೊತ್ತೇನ್ರೀ?’ ಅಲ್ಲಿ ಜೈನರ ಊಟವೂ ಸಿಗುತ್ತದೆ ಎಂದು ಮೇಷ್ಟ್ರು ಸಮಾಧಾನ ಹೇಳಹೋದರೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರು ಉಣ್ಣಲು ಅಷ್ಟು ದೂರ ಹೋಗಬೇಕೇ ಎಂಬ ಹೊಸ ಆಕ್ಷೇಪ ಹುಟ್ಟಿತು.

ಎರಡನೆಯದು ಕೊಚ್ಚಿಯ ದಾರಿ. ಅಲ್ಲಿಂದ ಲಕ್ಷದ್ವೀಪಕ್ಕೆ ಸರ್ಕಾರಿ ಹಡಗುಗಳಿವೆ. ಅವುಗಳಲ್ಲಿ 2008ರ ಎಂ.ವಿ. ಕವರತ್ತಿ ಸುಮಾರು 700 ಜನರನ್ನು ಒಯ್ಯಬಲ್ಲದು. ‘ಸಮುದ್ರಂ’ ಎಂಬ ಐದು ದಿನಗಳ ಪ್ರವಾಸದಲ್ಲಿ ರಾತ್ರಿ ಹಡಗಿನಲ್ಲೇ ಮಲಗಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಇಳಿದು ನೋಡಬಹುದು. ಇದಕ್ಕೆ ಪ್ರವೇಶ ಪರವಾನಗಿ ಬೇಕು. 2024ರ ಜನವರಿಯಲ್ಲಿ ಪ್ರಧಾನಿ ಹೋಗಿಬಂದ ಮೇಲಂತೂ ದೇಶವೇ ಆ ಕಡೆ ಮುಖಮಾಡಿತು. ಗುಂಪಿನಲ್ಲಿ ಒಮ್ಮತ ಮೂಡಿದ್ದೂ ಹೌದು. ಅಷ್ಟರಲ್ಲಿ, ಬಂಗಾರಂ ಒಂದನ್ನು ಬಿಟ್ಟು ಲಕ್ಷದ್ವೀಪದಲ್ಲಿ ಎಲ್ಲೂ ಮದ್ಯವಿಲ್ಲ ಎಂಬ ಸಂಗತಿ ಗೊಬ್ಬರದ ಅಂಗಡಿಯವರ ಕಿವಿಗೆ ಬಿತ್ತು. ಅವರು ಏನೂ ಹೇಳಲಿಲ್ಲ. ಮಾರನೆಯ ದಿನದಿಂದ ಅವರಿಗೆ ಮಂಡಿನೋವು ಕಾಣಿಸಿಕೊಂಡಿತು.

ಇದೇ ಚರ್ಚೆಯಲ್ಲಿ ಮೇಷ್ಟ್ರು ಒಂದು ಇತಿಹಾಸದ ಎಳೆ ಎತ್ತಿದರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮಿನ್‌ದೀವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವುಗಳ ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ಇದನ್ನು ಕೇಳಿದ ಯಜಮಾನರಿಗೆ ಆ ದ್ವೀಪಗಳ ಮೇಲೆ ಪಿತ್ರಾರ್ಜಿತ ಹಕ್ಕು ಬಂದಂತಾಯಿತು. ‘ಹಂಗಾದ್ರೆ ಮಂಗ್ಳೂರಿಂದ್ಲೇ ಹತ್ತಬೇಕು, ಕೊಚ್ಚಿಗ್ಯಾಕೆ?’ ನವಮಂಗಳೂರಿಗೆ ಬರುವ ವಿದೇಶಿ ಹಡಗುಗಳು ಬೆಳಿಗ್ಗೆ ಬಂದು, ತಮ್ಮ ಪ್ರವಾಸಿಗರಿಗೆ ಕಾರ್ಕಳ, ಮೂಡುಬಿದಿರೆ ತೋರಿಸಿ ಸಂಜೆ ಹೊರಟುಬಿಡುತ್ತವೆ. ಹಳೆ ಬಂದರಿನಿಂದ ದ್ವೀಪಗಳಿಗೆ ತರಕಾರಿ, ದಿನಸಿ, ಮನೆ ಕಟ್ಟುವ ಸಾಮಗ್ರಿ ಹೊತ್ತು ಮಂಜಿಗಳು ಹೋಗುತ್ತವೆ. ಯಜಮಾನರು ಮಂಗಳೂರಿನ ಅಡಿಕೆ ವ್ಯಾಪಾರಿಯೊಬ್ಬರಿಗೆ ಫೋನು ಹಚ್ಚಿ, ಮಂಜಿಯಲ್ಲಿ ಜಲ್ಲಿ ಮೂಟೆಯ ಜೊತೆ ಎಂಟು ಜನ ಕೂರಬಹುದೇ, ಕೂತರೆ ತಲೆಗೆಷ್ಟು ಎಂದು ವಿಚಾರಿಸಿದರು. ಆ ಕಡೆಯವರು ಫೋನು ಇಟ್ಟಿದ್ದನ್ನು ಇವರು ಸಿಗ್ನಲ್ ದೋಷವೆಂದು ತಿಳಿದರು.

ಉಳಿದ ದಾರಿಗಳು ಬೇಗ ಇತ್ಯರ್ಥವಾದವು. ಚೆನ್ನೈಯಿಂದ ಅಂಡಮಾನಿಗೆ ಹಡಗಿನಲ್ಲಿ ಸುಮಾರು ಮೂರು ದಿನ. ಬಂಕ್ ದರ್ಜೆ ಅಗ್ಗವೆಂದು ಯಜಮಾನರಿಗೆ ಹಿಡಿಸಿತು, ಬಂಕ್ ಎಂದರೇನೆಂದು ತಿಳಿದ ಮೇಲೆ ಉಳಿದವರಿಗೆ ಹಿಡಿಸಲಿಲ್ಲ. ಸಿಂಗಪುರದಿಂದ ಪೆನಾಂಗ್, ಫುಕೆಟ್ ಸುತ್ತಿಬರುವ ಹಡಗಿಗೆ ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಮಕ್ಕಳನ್ನು ನೋಡಲೆಂದು ಮಾಡಿಸಿದ್ದ ಪಾಸ್‌ಪೋರ್ಟುಗಳನ್ನು ಹೊರತೆಗೆದಾಗ ಒಂದೊಂದರದು ಒಂದೊಂದು ಆಯುಷ್ಯವಾಗಿತ್ತು. 2023ರ ಜನವರಿ 13ರಂದು ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ ಗಂಗಾ ವಿಲಾಸ್ ಕೂಡ ಪಟ್ಟಿಯಲ್ಲಿತ್ತು. 51 ದಿನ ಎಂದು ಗೊತ್ತಾದ ಕೂಡಲೇ ಅಷ್ಟು ದಿನ ತೋಟ ನೋಡುವವರು ಯಾರು ಎಂಬ ಒಂದೇ ಪ್ರಶ್ನೆಗೆ ಅದು ಬಿದ್ದುಹೋಯಿತು.

ದಾರಿ ನಿಶ್ಚಯವಾದರೂ ಪ್ರಯಾಣ ನಿಶ್ಚಯವಾಗದಿರುವುದಕ್ಕೆ ಮೂಲ ಕಾರಣ ದರ. ಹಡಗಿನ ಕೋಣೆಯ ಬೆಲೆ ವಿಮಾನದ ಟಿಕೇಟಿನಂತೆ ದಿನಕ್ಕೊಂದು. ಇದು ಯಜಮಾನರಿಗೆ ಹೊಸದೇನಲ್ಲ. ರಾಶಿ, ಅಪಿ, ಬೆಟ್ಟೆ, ಕೆಂಪುಗೋಟು ಎಂದು ಬೆಳಗಾದರೆ ಧಾರಣೆ ನೋಡುವ ಕಣ್ಣಿಗೆ ಹಡಗಿನ ಧಾರಣೆಯೂ ಸಲೀಸು. ಅವರ ತಿಳಿವಳಿಕೆ ಎಡವುವುದು ಮುಂದಿನ ಹೆಜ್ಜೆಯಲ್ಲಿ. ರಾಶಿ ಅಡಿಕೆಯನ್ನು ದರ ಒಪ್ಪಿಗೆಯಾಗದಿದ್ದರೆ ಮಾರಬೇಕಿಲ್ಲ. ಚೆನ್ನಾಗಿ ಒಣಗಿಸಿ ಚೀಲ ಕಟ್ಟಿಟ್ಟರೆ ಈ ವರ್ಷದ್ದು ಮುಂದಿನ ವರ್ಷಕ್ಕೂ ಬರುತ್ತದೆ. ಕಾದವನು ಗೆದ್ದ ಕಥೆಗಳು ಊರಿನಲ್ಲಿ ಬೇಕಾದಷ್ಟಿವೆ. ಮನೆ ಕಟ್ಟಿಸಿದ್ದು, ಮಗಳ ಮದುವೆ ಮಾಡಿದ್ದು ಎಲ್ಲ ಕಾದ ಅಡಿಕೆಯಿಂದಲೇ. ಹಡಗಿನ ಕೋಣೆಗೆ ಈ ಗುಣವಿಲ್ಲ. ಹಡಗು ದಡ ಬಿಟ್ಟ ಗಳಿಗೆಗೆ ಖಾಲಿ ಕೋಣೆ ಕೊಟ್ಟವನಿಗೂ ಇಲ್ಲ, ಕೊಂಡವನಿಗೂ ಇಲ್ಲ. ದಾಸ್ತಾನು ಇಡಬಹುದಾದ ಸರಕಿನಲ್ಲಿ ಆಯುಷ್ಯ ಕಳೆದವರಿಗೆ ಇದು ಮನಸ್ಸಿಗೆ ಇಳಿಯುವುದೇ ಇಲ್ಲ. ‘ತಡೀರಪ್ಪಾ, ಇನ್ನೂ ಇಳೀತದೆ’ ಎಂದು ಇವರು ಕಾಯುತ್ತಾರೆ. ಮೊದಲು ಬಾಲ್ಕನಿ ಇರುವ ಕೋಣೆ ಮುಗಿಯುತ್ತದೆ, ಆಮೇಲೆ ಕಿಟಕಿ ಇರುವುದು, ಕೊನೆಗೆ ಕಿಟಕಿಯೂ ಇಲ್ಲದ ಒಳಗಿನ ಕೋಣೆ. ಅಷ್ಟು ಹೊತ್ತಿಗೆ ‘ಕತ್ಲೆ ಕೋಣೇಲಿ ಮಲಗೋಕೆ ನಮ್ಮ ಗೋಡೌನ್ ಇಲ್ವಾ?’ ಎಂದು ಕಿರ್ದಿ ಮುಚ್ಚುತ್ತದೆ.

ತಪ್ಪಿಹೋದ ಪ್ರತಿ ಪ್ರಯಾಣಕ್ಕೂ ಆಮೇಲೆ ಸಮರ್ಥನೆ ಒದಗುವುದು ಈ ವರ್ಗದ ಭಾಗ್ಯ. 2017ರ ಡಿಸೆಂಬರಿನ ಹೊತ್ತಿಗೆ ಒಖಿ ಚಂಡಮಾರುತ ಲಕ್ಷದ್ವೀಪವನ್ನು ಬಡಿಯಿತು. ಯಜಮಾನರು ಏರಿಯ ಮೇಲೆ ಎಲ್ಲರ ಮುಖ ನೋಡಿದರು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗಿನ 3,700 ಜನ ಕೊರೊನಾದಿಂದ ಸಿಕ್ಕಿಬಿದ್ದು, 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು; ಗುಂಪಿನ ಪ್ರಾಣ ಉಳಿಸಿದವರು ತಾವೆಂಬಂತೆ ಯಜಮಾನರು ಆ ವಾರ ಕಾಫಿಯ ದುಡ್ಡು ಕೊಡಲಿಲ್ಲ. 2021ರ ಅಕ್ಟೋಬರ್ 2ರಂದು ಮುಂಬಯಿಯ ಪ್ರವಾಸಿ ಹಡಗೊಂದರ ಮೇಲೆ ಮಾದಕವಸ್ತು ಪತ್ತೆಗೆ ದಾಳಿ ನಡೆದಾಗ ‘ಮೇಷ್ಟ್ರೇ, ಪೇಪರ್‌ನಾಗೆ ನಿಮ್ಮ ಫೋಟೋ ಬರ್ತಿತ್ತು’ ಎಂದರು. ಎಲ್ಲಕ್ಕಿಂತ ಅವರನ್ನು ಕಲಕಿದ್ದು 2012ರ ಜನವರಿಯಲ್ಲಿ ಇಟಲಿಯ ಬಳಿ ಬಂಡೆಗೆ ಬಡಿದು 32 ಜನ ಸತ್ತ ಕೋಸ್ಟಾ ಕಾಂಕೋರ್ಡಿಯಾ. ಜನ ಇನ್ನೂ ಒಳಗಿರುವಾಗಲೇ ಅದರ ಕಪ್ತಾನ ಇಳಿದುಹೋಗಿದ್ದ. ಕರೆದುಕೊಂಡು ಹೋದವನು ಕೊನೆಗೆ ಇಳಿಯಬೇಕು ಎಂದು ಯಜಮಾನರು ಇಂದಿಗೂ ಕೋಪದಿಂದ ಹೇಳುತ್ತಾರೆ. ತಾವಾದರೆ ಹಾಗೆಯೇ ಮಾಡುತ್ತಿದ್ದರು. ಹತ್ತುವುದಕ್ಕೂ ಅವರೇ ಕೊನೆ ಎಂಬುದು ಬೇರೆ ಮಾತು.

ಈ ಮಾತನ್ನು ಗುಂಪಿನವರು ನಂಬುತ್ತಾರೆ, ಅದಕ್ಕೆ ಕಾರಣವೂ ಇದೆ. ಗುಂಪಿನ ಒಬ್ಬರಿಗೆ ರಾತ್ರಿ ಎದೆನೋವು ಬಂದಾಗ ಕಾರು ತೆಗೆದು ದಾವಣಗೆರೆಗೆ ಓಡಿಸಿದವರು, ಆಸ್ಪತ್ರೆಯ ಕೌಂಟರಿನಲ್ಲಿ ಎಷ್ಟು ಎಂದು ಕೇಳದೆ ದುಡ್ಡು ಕಟ್ಟಿದವರು ಇವರೇ. ಆ ರಾತ್ರಿ ಯಾವ ದಾರಿ, ಯಾವ ಆಸ್ಪತ್ರೆ ಎಂದು ತೀರ್ಮಾನಿಸಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಗೆಳೆಯ ಉಳಿಯಲಿಲ್ಲ. ಎಂಟು ಜನ, ನಾಲ್ಕು ಕೋಣೆ ಎಂಬ ಕಿರ್ದಿಯ ಲೆಕ್ಕ ಅಂದಿನಿಂದ ಕೂಡುವುದಿಲ್ಲ. ಹಡಗಿನ ದರ ಕೋಣೆಗೆ ಇಬ್ಬರಂತೆ. ಒಬ್ಬರೇ ಇದ್ದರೆ ಹತ್ತಿರ ಹತ್ತಿರ ಇಬ್ಬರ ದುಡ್ಡು ಕೊಡಬೇಕು. ಏಜೆಂಟರು ಇದನ್ನು ಅಳುಕುತ್ತ ವಿವರಿಸಿ, ಮೂವರಿಗೆ ಒಂದು ಕೋಣೆ ಮಾಡಿದರೆ ಉಳಿತಾಯ ಎಂದು ದಾರಿ ತೋರಿಸಿದರು. ಯಜಮಾನರು ‘ನಾಲ್ಕೇ ಇರ್ಲಿ, ಅದ್ರದ್ದು ಇಬ್ಬರದ್ದೂ ಹಾಕ್ರಿ’ ಎಂದರು. ಅವರು ಚೌಕಾಸಿ ಮಾಡದ ದರ ಅದೊಂದೇ. ಆ ಸಂಜೆ ಏರಿಯ ಮೇಲೆ ಹಡಗಿನ ಮಾತು ಬರಲಿಲ್ಲ.

ಹಡಗು ತಪ್ಪಿದ ವರ್ಷ ಪರಿಹಾರ ರೂಪದಲ್ಲಿ ಮಾರಿಕಣಿವೆಗೆ ಹೋಗುವುದು ವಾಡಿಕೆ. ಅಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಜಿಲ್ಲೆಯ ಮಟ್ಟಿಗೆ ಅತಿ ದೊಡ್ಡ ನೀರು. 130 ಅಡಿ ತುಂಬಿ ಮೊದಲು ಕೋಡಿ ಬಿದ್ದದ್ದು 1933ರಲ್ಲಿ; ಮತ್ತೆ ಬೀಳಲು 2022ರ ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು. 89 ವರ್ಷ ಕಾದ ಜಲಾಶಯವನ್ನು ಯಜಮಾನರು ಗೌರವದಿಂದ ನೋಡುತ್ತಾರೆ. 2025ರ ಜನವರಿಯಲ್ಲಿ ಮೂರನೆಯ ಸಲ ಕೋಡಿ ಬಿದ್ದಾಗ ಇಡೀ ಗುಂಪು ಎರಡು ಕಾರಿನಲ್ಲಿ ಹೋಯಿತು. ಕಣಿವೆ ಮಾರಮ್ಮನಿಗೆ ಕಾಯಿ ಒಡೆಸಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ಕಾರು ನಿಲ್ಲಿಸಿದ್ದಕ್ಕೆ ಕೇಳಿದ ದುಡ್ಡಿನಲ್ಲಿ ಹತ್ತು ರೂಪಾಯಿ ಇಳಿಸಿ ಬಂದರು. ಬರೆಯುವವರಿಗೆ ಅಲ್ಲಿ ನೀರನ್ನು ನೋಡುತ್ತ ನಿಂತದ್ದಕ್ಕೇ ತಲೆ ತಿರುಗಿತು.

ಈ ವರ್ಗದಲ್ಲಿ ಹೆಂಗಸರು ಕಂಡುಬರುವುದಿಲ್ಲ. ಕೊಯ್ಲಿನ ನಡುವೆಯೇ ಯಜಮಾನರ ಮನೆಯವರು, ಅವರ ನಾದಿನಿ, ಮೇಷ್ಟ್ರ ಮನೆಯವರು ಮತ್ತಿಬ್ಬರು ಸೇರಿ, ಮಗಳ ಕೈಯಲ್ಲಿ ಅರ್ಜಿ ಹಾಕಿಸಿ, ಪರವಾನಗಿ ಬಂದ ಮೇಲೆ ಗಂಡಂದಿರಿಗೆ ತಾರೀಖು ತಿಳಿಸಿ ಕೊಚ್ಚಿಗೆ ಹೊರಟರು. ಕೋಣೆಗೆ ಬಚ್ಚಲು ಹೊಂದಿಕೊಂಡಿದೆಯೇ ಎಂಬುದೊಂದನ್ನು ಬಿಟ್ಟು ಅವರು ಬೇರೇನೂ ವಿಚಾರಿಸಿದಂತಿಲ್ಲ. ಐದು ದಿನ ಕಣದ ಅಡಿಕೆ ಎಳೆದವರು, ಟಾರ್ಪಾಲು ಹೊದಿಸಿದವರು ಗಂಡಸರು. ಮಿನಿಕಾಯಿನಲ್ಲಿ 1885ರ ದೀಪಸ್ತಂಭವನ್ನು ಮೇಲಿನವರೆಗೆ ಹತ್ತಿ ತೆಗೆಸಿಕೊಂಡ ಫೋಟೋಗಳನ್ನು ತೋರಿಸುತ್ತಿದ್ದಾಗ ಯಜಮಾನರು ಕೇಳಿದ್ದು ಎಷ್ಟು ಬಿತ್ತು ಎಂದು. ಕೇಳಿ, ಇನ್ನು ಹದಿನೈದು ದಿನ ತಡೆದಿದ್ದರೆ ಇಳಿಯುತ್ತಿತ್ತು ಎಂದರು. ಅದು ಸರ್ಕಾರ ಗೊತ್ತುಮಾಡಿದ ದರ, ದಿನದಿನಕ್ಕೆ ಏರುವಂಥದೂ ಅಲ್ಲ ಇಳಿಯುವಂಥದೂ ಅಲ್ಲ ಎಂದು ಮೇಷ್ಟ್ರು ತಿದ್ದಿದ ಮಾತನ್ನು ಕಿರ್ದಿಯಲ್ಲಿ ಇನ್ನೂ ಬರೆದುಕೊಂಡಿಲ್ಲ.