ಜಮೀನಿಗೂ ಒಂದು ಉಪಚುನಾವಣೆ ಕೊಡಿಸಿ

ಬಳ್ಳಾರಿ ಸೀಮೆಯ ಹಾಲಿ, ಮಾಜಿ ಹಾಗೂ ಭಾವಿ ಶಾಸಕರ ಸನ್ನಿಧಾನಕ್ಕೆ,

ಕುಡತಿನಿಯ ಮತದಾರನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವು ಕ್ಷೇಮ. ನಮ್ಮೂರ ಉಷ್ಣ ವಿದ್ಯುತ್ ಸ್ಥಾವರದ 1,700 ಮೆಗಾವಾಟ್ ರಾಜ್ಯಕ್ಕೆ, ಬೂದಿ ನಮಗೆ. ಅತ್ತ ತಮ್ಮ ಕ್ಷೇಮ ಸಮಾಚಾರ ಆಗಾಗ ರೆಸಾರ್ಟುಗಳಿಂದ ತಿಳಿಯುತ್ತಿರುತ್ತದೆ.

ತಮ್ಮ ವೃತ್ತಿಯಲ್ಲಿ ನಾವು ಕಣ್ಣರಳಿಸಿ ನೋಡುವುದು ರಾಜೀನಾಮೆಯನ್ನು. ಶ್ರೀರಾಮುಲು ಅವರು 2011ರಲ್ಲಿ ಬಳ್ಳಾರಿ ಗ್ರಾಮೀಣದ ಶಾಸಕ ಸ್ಥಾನ ಬಿಟ್ಟರು. ಅದೇ ವರ್ಷ ಪಕ್ಷೇತರರಾಗಿ ಗೆದ್ದು ಅದೇ ಸ್ಥಾನಕ್ಕೆ ಬಂದರು. 2014ರಲ್ಲಿ ಸಂಸದರಾಗಿ ವಿಧಾನಸಭೆ ಬಿಟ್ಟರು, 2018ರಲ್ಲಿ ಶಾಸಕರಾಗಿ ಲೋಕಸಭೆ ಬಿಟ್ಟರು. ಬಿಟ್ಟಿದ್ದೆಲ್ಲ ಅವರು, ಬೆರಳಿಗೆ ಶಾಯಿ ಹಚ್ಚಿಸಿಕೊಂಡಿದ್ದೆಲ್ಲ ನಾವು.

ವಿಜಯನಗರದ ಆನಂದ್ ಸಿಂಗ್ ಅವರದು ಇನ್ನೂ ದೊಡ್ಡ ತ್ಯಾಗ. ಜಿಂದಾಲ್‌ಗೆ ಸರ್ಕಾರ 3,667 ಎಕರೆ ಮಾರಬಾರದೆಂದು 2019ರ ಜುಲೈನಲ್ಲಿ ಕಾಂಗ್ರೆಸ್ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಬಿಜೆಪಿಯಿಂದ ಗೆದ್ದರು, ಮಂತ್ರಿಯೂ ಆದರು. 2021ರ ಏಪ್ರಿಲ್‌ನಲ್ಲಿ ಅವರಿದ್ದ ಸಂಪುಟವೇ ಆ ಮಾರಾಟಕ್ಕೆ ಒಪ್ಪಿ, ಗದ್ದಲವಾದ ಮೇಲೆ ತಡೆಹಿಡಿಯಿತು. 2024ರಲ್ಲಿ ಕಾಂಗ್ರೆಸ್ ಸಂಪುಟ ಅದಕ್ಕೆ ಅಸ್ತು ಎಂದಿತು. ಪಕ್ಷ ಯಾವುದಾದರೂ ಎಕರೆಯ ನಡೆ ಮಾತ್ರ ಒಂದೇ ದಿಕ್ಕಿಗೆ.

ಅದೇ 2024ರಲ್ಲಿ ಸಂಡೂರಿನ ಶಾಸಕ ತುಕಾರಾಂ ಅವರು ಲೋಕಸಭೆಗೆ ಹೋದರು. ಉಪಚುನಾವಣೆಯಲ್ಲಿ ಅವರ ಪತ್ನಿ ಅನ್ನಪೂರ್ಣಾ ಅವರು ಗೆದ್ದರು. ಮನೆಯ ಸ್ಥಾನ ಮನೆಯಲ್ಲೇ ಉಳಿಯಿತು. ನಮ್ಮೂರಿನವರ ಪಿತ್ರಾರ್ಜಿತಕ್ಕೆ ಆ ಭಾಗ್ಯ ಬರಲಿಲ್ಲ.

2010ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆಯಿತಲ್ಲ, ಅಲ್ಲಿ ಲಕ್ಷ್ಮಿ ಮಿತ್ತಲ್ ಅವರ ಕಂಪನಿ 30,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಯ ಮಾತಾಡಿತು. ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿ, ಬಂದು ಕುಡತಿನಿ ಸುತ್ತಿನ ಸಾವಿರಾರು ಎಕರೆ ಸ್ವಾಧೀನ ಮಾಡಿಕೊಂಡಿತು. ಮನೆಗೊಂದು ನೌಕರಿಯ ಆಸೆಯೂ ಹುಟ್ಟಿತು. ಪಹಣಿಯಲ್ಲಿ ಹೆಸರು ಬದಲಾಯಿತು, ಕಾರ್ಖಾನೆ ಏಳಲಿಲ್ಲ. ನ್ಯಾಯವಾದ ಬೆಲೆ ಕೊಡಿ ಎಂದು ರೈತರು 2022ರ ಡಿಸೆಂಬರಿನಲ್ಲಿ ಧರಣಿ ಕೂತರು. ಅವರು ಕೂತ ಮೇಲೆ ಒಂದು ಸರ್ಕಾರ ಎದ್ದುಹೋಗಿ ಇನ್ನೊಂದು ಬಂದಿದೆ.

ಆದ್ದರಿಂದ ನಮ್ಮದೊಂದು ಸಣ್ಣ ಅರಿಕೆ. ಜಮೀನು ಕೊಟ್ಟವನಿಗೂ ರಾಜೀನಾಮೆಯ ಹಕ್ಕು ಕೊಡಿಸಿ. ಅಂದು ಕೊಟ್ಟ ಒಪ್ಪಿಗೆಯನ್ನು ಇಂದು ವಾಪಸು ಪಡೆದು, ಪಹಣಿಯಲ್ಲಿ ಅಪ್ಪನ ಹೆಸರು ಮತ್ತೆ ಬರೆಸಿಕೊಳ್ಳುತ್ತೇವೆ. ತೆರವಾದ ಹೊಲಗಳಿಗೆ ಉಪಚುನಾವಣೆ ನಡೆಯಲಿ. ಕಂಪನಿಯವರು, ಕೆಐಎಡಿಬಿಯವರು ತಮ್ಮ ಹಾಗೆಯೇ ಕೈಮುಗಿದು ಓಣಿ ಓಣಿ ತಿರುಗಲಿ; ದರ ಎಷ್ಟು, ನೌಕರಿ ಎಷ್ಟು, ಯಾವ ವರ್ಷದೊಳಗೆ ಎಂದು ಪ್ರಣಾಳಿಕೆಯಲ್ಲಿ ಬರೆದುಕೊಡಲಿ.

ಮತ ಸಾಲದ ಅಭ್ಯರ್ಥಿಯ ಠೇವಣಿ ಜಪ್ತಿ ಮಾಡುವುದು ತಮ್ಮಲ್ಲಿ ಕಾಯಂ ಕಾನೂನು. ಹಾಗೆಯೇ ಮಾತು ಕೊಟ್ಟು ಕಾರ್ಖಾನೆ ಕಟ್ಟದವರ ಕೈಲಿರುವ ಎಕರೆಗಳನ್ನೂ ಜಪ್ತಿ ಮಾಡಿ, ಉತ್ತವನಿಗೆ ಕೊಡಿಸಿ. ಈ ಮಸೂದೆ ಮಂಡಿಸುವ ದಿನ ಮಾತ್ರ ದಯವಿಟ್ಟು ಯಾರೂ ರಾಜೀನಾಮೆ ಕೊಡಬೇಡಿ.

ಇಂತಿ ತಮ್ಮ ವಿಧೇಯ,
ಮತದಾರ ಸ್ಥಾನಕ್ಕೆ ರಾಜೀನಾಮೆ ಕೊಡಲಾಗದ ಕುಡತಿನಿಯವನು