ಕಳ್ಳನಲ್ಲದ ಅಜ್ಜನ ಜಾಡು

ಮಗಳ ಮನೆಗೆಂದು ಆರು ತಿಂಗಳು ಅಡಿಲೇಡಿಗೆ ಹೋಗುವ ನನ್ನಂಥವರಿಗೆ ಅಲ್ಲಿ ಎರಡೇ ಕೆಲಸ. ಮೊಮ್ಮಗನನ್ನು ಶಾಲೆಗೆ ಬಿಟ್ಟು ಬರುವುದು, ಮತ್ತೆ ಹೋಗಿ ಕರೆದುಕೊಂಡು ಬರುವುದು. ನಡುವಿನ ಆರು ಗಂಟೆ ಬಟ್ಟೆ ಒಣಹಾಕುವ ನೆಪದಲ್ಲಿ ಬೇಲಿಯ ಬಳಿ ನಿಂತಿರಬಹುದು. ಪಕ್ಕದ ಮನೆಯಾಕೆ ಹೊರಗೆ ಬಂದರೆ ಬಿಸಿಲಿನ ಬಗ್ಗೆ ಎರಡು ಮಾತು. ಆಕೆಗೆ ಎಂಬತ್ತೆರಡು. ಒಂದು ದಿನ ಬಿಸಿಲಿನ ಮಾತು ಬೇಗ ಮುಗಿದುಹೋಗಿ, ನಾನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಧೂಳು ಕುಡಿದವನು ಎಂದು ಬಾಯಿಬಿಟ್ಟೆ. ಆಕೆಯ ಮುಖ ಅರಳಿತು. ಮರುದಿನ ಬೇಲಿಯ ಮೇಲಿಂದ ಒಂದು ಬೂಟಿನ ಡಬ್ಬ ಈಚೆ ಬಂತು. ಅದರೊಳಗೆ ಆಕೆಯ ಮುತ್ತಜ್ಜನ ಅಪ್ಪ ಇದ್ದರು. ಅಂದರೆ ಅವರಿಗೆ ಸಂಬಂಧಪಟ್ಟ ಏಳು ಕಾಗದಗಳಿದ್ದವು.

"ಇವರನ್ನು ಹುಡುಕಿಕೊಡುತ್ತೀರಾ?"

ಅಭ್ಯಾಸಬಲ. "ಎಷ್ಟು ಎಕರೆ?" ಎಂದುಬಿಟ್ಟೆ.

ನನ್ನ ಸರ್ವೀಸಿನಲ್ಲಿ ಮುತ್ತಜ್ಜನನ್ನು ಹುಡುಕಿಕೊಂಡು ಬಂದವರಲ್ಲಿ ಪ್ರೀತಿಯಿಂದ ಬಂದವರು ಒಬ್ಬರೂ ಇಲ್ಲ. ಪೌತಿ ಖಾತೆ ಆಗಬೇಕು, ವಂಶವೃಕ್ಷ ಬೇಕು, ದೊಡ್ಡಪ್ಪನ ಮಕ್ಕಳ ಹೆಸರು ಆದಷ್ಟು ಮರೆತುಹೋಗಬೇಕು. ಇಲ್ಲಿ ನೋಡಿದರೆ ಒಂದು ಗುಂಟೆಯೂ ಇಲ್ಲದ ಅಜ್ಜನಿಗಾಗಿ ಒಬ್ಬ ಮುದುಕಿ ಕನ್ನಡಕ ಒರೆಸಿಕೊಳ್ಳುತ್ತಿದ್ದಾಳೆ. ನಮ್ಮ ಹಳ್ಳಿಗಾದರೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು. ಗಂಟೆ ಬಾರಿಸಿ, ಮನೆತನದ ಹತ್ತು ತಲೆಮಾರು ಒಪ್ಪಿಸಿ, ಒಂದು ಮೊರ ರಾಗಿ ತೆಗೆದುಕೊಂಡು ಹೋಗುತ್ತಿದ್ದರು. ಈ ಊರಿಗೆ ಹೆಳವರಿಲ್ಲ. ಸದ್ಯಕ್ಕೆ ನಾನೇ ಹೆಳವ, ಮಗಳ ಹಳೆಯ ಲ್ಯಾಪ್‌ಟಾಪೇ ಎತ್ತು.

ಅಜ್ಜ ಇಂಗ್ಲೆಂಡಿನವರು ಎಂದು ನಾನು ಟಿಪ್ಪಣಿ ಪುಸ್ತಕದ ಮೊದಲ ಸಾಲು ಬರೆದದ್ದೇ ಆಕೆ ತಡೆದಳು. "ಕಾರ್ನ್‌ವಾಲ್‌ನವರು." ಭೂಪಟದಲ್ಲಿ ಕಾರ್ನ್‌ವಾಲ್ ಇಂಗ್ಲೆಂಡಿನ ನೈರುತ್ಯದ ತುದಿ, ಸಮುದ್ರಕ್ಕೆ ಚಾಚಿದ ಕಾಲು. ಆದರೆ ಅಲ್ಲಿಯವರನ್ನು ಇಂಗ್ಲಿಷರು ಎಂದರೆ, ಕೊಡವರನ್ನು ನೀವು ಮೈಸೂರಿನವರಾ ಎಂದು ಕೇಳಿದಷ್ಟೇ ಅಪಾಯ. ಅವರಿಗೆ ತಮ್ಮದೇ ಒಂದು ಭಾಷೆ ಇತ್ತು. ಹೆಸರುಗಳೂ ಬೇರೆ, ಬಹಳಷ್ಟು ಟ್ರೆ, ಪೊಲ್, ಪೆನ್ ಎಂದು ಶುರುವಾಗುತ್ತವೆ. ನಮ್ಮ ಅಜ್ಜ ಟ್ರೆ ಪಂಗಡ. ಪೂರ್ತಿ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಏಳು ಕಾಗದಗಳಲ್ಲಿ ಅದು ಐದು ಥರ ಇತ್ತು. ಅಜ್ಜನಿಗೆ ಅಕ್ಷರ ಬಾರದು. ಹೆಸರು ಹೇಳುತ್ತಿದ್ದರು, ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಗೀಚುತ್ತಿದ್ದ. ಮದುವೆಯ ರಿಜಿಸ್ಟರಿನಲ್ಲಿ ಸಹಿಯ ಜಾಗದಲ್ಲಿ ಒಂದು ಅಡ್ಡಗೆರೆ, ಅದರ ಮೇಲೊಂದು ಉದ್ದಗೆರೆ. ಏಳರಲ್ಲಿ ಅಜ್ಜನ ಸ್ವಂತ ಕೈಬರಹ ಎಂದರೆ ಆ ಎರಡು ಗೆರೆಗಳೇ.

ಹುಟ್ಟಿದ ದಿನದಿಂದ ಶುರುಮಾಡೋಣ ಎಂದುಕೊಂಡೆ. ಇಂಗ್ಲೆಂಡಿನಲ್ಲಿ ಸರ್ಕಾರ ಜನನ ಮರಣ ದಾಖಲಿಸಲು ತೊಡಗಿದ್ದು 1837ರ ಜುಲೈ 1ರಿಂದ. ಅಜ್ಜ ಅದಕ್ಕೆ ಮೂರು ದಶಕ ಮೊದಲೇ ಹುಟ್ಟಿ ಕೂತಿದ್ದರು. ಹಾಗಿದ್ದರೆ ಊರ ಚರ್ಚಿನ ಪುಸ್ತಕ ನೋಡಬೇಕು. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಬರೆದಿಡಿ ಎಂದು 1538ರಲ್ಲೇ ಅಪ್ಪಣೆಯಾಗಿತ್ತು. ಮೂರು ದಿನ ನೋಡಿದೆ. ಅಣ್ಣಂದಿರು ಸಿಕ್ಕರು, ಅಕ್ಕ ಸಿಕ್ಕಳು, ಅಜ್ಜ ಮಾತ್ರ ಇಲ್ಲ. ಆಮೇಲೆ ಹೊಳೆಯಿತು. ಕಾರ್ನ್‌ವಾಲ್‌ನ ಗಣಿಯವರೆಂದರೆ ಮೆಥಡಿಸ್ಟರು. ಜಾನ್ ವೆಸ್ಲಿ ಗ್ವೆನಪ್ ಎಂಬಲ್ಲಿ ನೆಲ ಕುಸಿದ ಒಂದು ದೊಡ್ಡ ಗುಂಡಿಯನ್ನೇ ಸಭಾಂಗಣ ಮಾಡಿಕೊಂಡು ವರ್ಷ ವರ್ಷ ಬಂದು ಉಪದೇಶ ಮಾಡಿದ್ದ. ಅಪ್ಪ ಅಮ್ಮ ಏಳು ಮಕ್ಕಳಾಗುವ ಹೊತ್ತಿಗೆ ಚರ್ಚು ಬಿಟ್ಟು ಚಾಪೆಲ್ಲಿಗೆ ನಡೆದಿದ್ದರು. ಎಂಟನೆಯ ಮಗು ಚಾಪೆಲ್ಲಿನ ಪುಸ್ತಕದಲ್ಲಿತ್ತು.

"ಸಿಕ್ಕಿದರು!" ಎಂದು ಅಡುಗೆಮನೆಗೆ ಓಡಿದೆ. ನನ್ನವಳು ಹೆದರಿ, "ಯಾರು ರೀ?" ಎಂದಳು. ಹೇಳಿದೆ. "ನಿಮ್ಮ ಮುತ್ತಜ್ಜನ ಹೆಸರು ಏನು ಹೇಳಿ ನೋಡೋಣ" ಎಂದು ಒಗ್ಗರಣೆ ಹಾಕಿದಳು. ತಿಥಿಯ ದಿನ ಪುರೋಹಿತರು ಮೂರು ತಲೆ ಹೇಳಿಸುತ್ತಾರೆ. ನನ್ನ ಗಂಟಲು ಎರಡಕ್ಕೇ ಕಟ್ಟುತ್ತದೆ. ನಾನು ಸದ್ದಿಲ್ಲದೆ ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂತೆ.

ಇಂಗ್ಲೆಂಡಿನ ಜನಗಣತಿಯಲ್ಲಿ ಎಲ್ಲರ ಹೆಸರೂ ಬರುವುದು 1841ರಿಂದ. ಆ ವರ್ಷ ಒಂದು ವಿಚಿತ್ರ ನಿಯಮ ಇತ್ತು: ಹದಿನೈದು ದಾಟಿದವರ ವಯಸ್ಸನ್ನು ಕೆಳಗಿನ ಐದರ ಗುಣಕಕ್ಕೆ ಇಳಿಸಿ ಬರೆಯುವುದು. ಮೂವತ್ತೊಂಬತ್ತಾದರೂ ಮೂವತ್ತೈದೇ. ಅಜ್ಜನಿಗೆ ಅಲ್ಲಿ 35. ಏಳು ವರ್ಷದ ಮೇಲೆ ಹಡಗಿನ ಪಟ್ಟಿಯಲ್ಲಿ 37. ಏಳು ವರ್ಷದಲ್ಲಿ ಎರಡು ವರ್ಷ ಬೆಳೆದ ಮನುಷ್ಯನನ್ನು ಕಂಡು ನನಗೆ ಗೌರವವೇ ಉಂಟಾಯಿತು. ಕಾರಣ ಸರಳ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಜಮೀನು ಮಾರಿ ಬಂದ ಹಣದಲ್ಲಿ ಕೂಲಿಗಾರರನ್ನು ಬಿಟ್ಟಿಯಾಗಿ ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು. ವೇಕ್‌ಫೀಲ್ಡ್ ಎಂಬವನ ಯೋಜನೆ ಅದು. ಬಿಟ್ಟಿ ಪ್ರಯಾಣಕ್ಕೆ ವಯಸ್ಸಿನ ಮಿತಿ ಇತ್ತು. ಮಿತಿ ಇದ್ದ ಕಡೆ ಮಿತಿಯೊಳಗಿನ ವಯಸ್ಸೂ ಇರುತ್ತದೆ. ನಿವೃತ್ತಿಯ ದಿನ ಹತ್ತಿರ ಬಂದಾಗ ಜನ್ಮದಿನ ತಿದ್ದಿಸಲು ಬಂದವರನ್ನು ನಾನೂ ನೋಡಿದ್ದೇನೆ. ಈ ಹಂತದಲ್ಲಿ ಅಜ್ಜ ನನ್ನ ಲೆಕ್ಕದಲ್ಲಿ ಬಹುವಚನದಿಂದ ಏಕವಚನಕ್ಕೆ ಇಳಿದ. ಅಗೌರವವಲ್ಲ, ಸಲಿಗೆ.

ಊರು ಬಿಟ್ಟದ್ದೇಕೆ? 1840ರ ದಶಕದಲ್ಲಿ ಆಲೂಗೆಡ್ಡೆಗೆ ರೋಗ ಬಿದ್ದದ್ದು ಐರ್ಲೆಂಡಿನಲ್ಲಿ ಮಾತ್ರವಲ್ಲ, ಕಾರ್ನ್‌ವಾಲ್‌ನ ಬಡವರ ಒಲೆಯೂ ಆರಿತ್ತು. ಗಣಿಯ ಸಂಪಾದನೆಯೋ ಒಂದು ಬಗೆಯ ಜೂಜು. ಭೂಮಿಯೊಳಗಿನ ಒಂದು ತುಂಡನ್ನು ಹರಾಜಿನಲ್ಲಿ ಹಿಡಿಯಬೇಕು, ಅಗೆದ ಅದಿರಿನ ಬೆಲೆಯಲ್ಲಿ ಪೌಂಡಿಗೆ ಇಷ್ಟು ಶಿಲ್ಲಿಂಗ್ ಎಂದು ಪಾಲು. ನಮ್ಮಲ್ಲಿ ವಾರಕ್ಕೆ ಗದ್ದೆ ಮಾಡಿದ ಹಾಗೆ, ಆದರೆ ಪೈರು ಇದೆಯೋ ಇಲ್ಲವೋ ಕತ್ತಲೆಯಲ್ಲಿ ತಡಕಿ ನೋಡಬೇಕು. ಹೆಂಡತಿ ಮದುವೆಗೆ ಮೊದಲು ಬಾಲ್ ಮೇಡನ್. ಕಾರ್ನಿಷ್ ಭಾಷೆಯಲ್ಲಿ ಬಾಲ್ ಎಂದರೆ ಗಣಿ. ಗಣಿಯ ಬಾಯಲ್ಲಿ ಕೂತು ಸುತ್ತಿಗೆಯಿಂದ ಅದಿರು ಒಡೆಯುವ ಹೆಣ್ಣುಮಕ್ಕಳು ಅವರು. ಅಷ್ಟರಲ್ಲಿ 1845ರಲ್ಲಿ ಅಡಿಲೇಡಿನಿಂದ 160 ಕಿಲೋಮೀಟರ್ ಉತ್ತರಕ್ಕೆ ಬರ್ರಾದಲ್ಲಿ ತಾಮ್ರ ಸಿಕ್ಕಿತು. ಭೂಮಿಯ ಮೇಲೆ ಎಲ್ಲಿ ಗುಂಡಿ ಇದ್ದರೂ ಅದರ ತಳದಲ್ಲಿ ಒಬ್ಬ ಕಾರ್ನ್‌ವಾಲ್‌ನವ ಇರುತ್ತಾನೆ ಎಂದು ಅವರಲ್ಲೊಂದು ಗಾದೆ.

ಪ್ಲಿಮತ್‌ನಲ್ಲಿ ಹಡಗು ಹತ್ತಿದರು. ಮುಂಭಾಗದಲ್ಲಿ ಒಂಟಿ ಗಂಡಸರು, ಹಿಂಭಾಗದಲ್ಲಿ ಒಂಟಿ ಹೆಂಗಸರು, ನಡುವೆ ಬೇಲಿಯ ಹಾಗೆ ಸಂಸಾರಸ್ಥರು. ಮೂರು ತಿಂಗಳ ಮೇಲೆ ಪ್ರಯಾಣ. ಹಡಗಿನ ವೈದ್ಯನಿಗೆ ಜೀವಂತವಾಗಿ ದಡಕ್ಕಿಳಿಸಿದ ತಲೆಗೆ ಇಷ್ಟು ಎಂದು ಇನಾಮು. ಈ ಪದ್ಧತಿ ನನಗೆ ತುಂಬ ಹಿಡಿಸಿತು. ಈಗಲೂ ಯಾರಾದರೂ ಪರಿಶೀಲಿಸಬಹುದು. ಅಜ್ಜನ ಸಂಸಾರ ಐದು ತಲೆ ಹತ್ತಿ ಐದು ತಲೆ ಇಳಿಯಿತು. ಹತ್ತುವಾಗ ಇದ್ದ ಒಂದು ಕೂಸು ಇಳಿಯುವಾಗ ಇಲ್ಲ. ಹತ್ತುವಾಗ ಇಲ್ಲದ ಒಂದು ಇಳಿಯುವಾಗ ಇದೆ. ಲೆಕ್ಕ ಸರಿಹೋಗಿದೆ. ಆ ಸಾಲನ್ನು ಓದಿಹೇಳಿದ ದಿನ ನಾವಿಬ್ಬರೂ ಬಿಸಿಲಿನ ಬಗ್ಗೆ ಮಾತಾಡಲಿಲ್ಲ.

ಬರ್ರಾ ಸೇರಿದ ಮೇಲೆ ಅಜ್ಜ ಮಾಯ. ಬಾಡಿಗೆ ಉಳಿಸಲೋ ಮನೆಗಳು ಸಾಲದೆಯೋ, ಅಲ್ಲಿನ ಗಣಿಯವರು ಹೊಳೆಯ ದಂಡೆಯ ಮಣ್ಣನ್ನೇ ಕೊರೆದು ಗೂಡು ಮಾಡಿಕೊಂಡಿದ್ದರು. 1851ರಲ್ಲಿ ಹಾಗೆ ಇದ್ದವರು ಸುಮಾರು 1,800 ಜನ. ಅಜ್ಜ ಆ 1,800ರಲ್ಲಿ ಒಬ್ಬ. ಯಾವ ಒಬ್ಬ ಎನ್ನುವಂತಿಲ್ಲ, ಏಕೆಂದರೆ ಆಸ್ಟ್ರೇಲಿಯಾದವರು ಜನಗಣತಿಯ ಒಟ್ಟು ಲೆಕ್ಕ ಇಟ್ಟುಕೊಂಡು ಹೆಸರಿದ್ದ ಹಾಳೆಗಳನ್ನು ನಾಶಮಾಡಿದರು. ರೆಕಾರ್ಡ್ ರೂಮಿನ ಮನುಷ್ಯನಾಗಿ ಇದನ್ನು ನಾನು ಕ್ಷಮಿಸಲಾರೆ.

ಆಗ ಆಕೆ ನಿಟ್ಟುಸಿರಿಟ್ಟು ಒಂದು ಮಾತು ಹೇಳಿದಳು: "ನಮ್ಮಜ್ಜ ಕಳ್ಳನಾದರೂ ಆಗಬಾರದಿತ್ತೇ!"

ಬೆಚ್ಚಿದೆ. ಆಮೇಲೆ ಅರ್ಥವಾಯಿತು. ಪಕ್ಕದ ನ್ಯೂ ಸೌತ್ ವೇಲ್ಸ್‌ಗೆ, ಟಾಸ್ಮೇನಿಯಾಕ್ಕೆ ಇಂಗ್ಲೆಂಡಿನಿಂದ ಗಡೀಪಾರಾಗಿ ಬಂದ ಕೈದಿಗಳಿದ್ದಾರಲ್ಲ, ಅವರ ದಾಖಲೆ ನೋಡಬೇಕು. ಎತ್ತರ, ಕೂದಲ ಬಣ್ಣ, ಕಣ್ಣಿನ ಬಣ್ಣ, ಎಡಗೈ ಮೇಲೆ ಲಂಗರಿನ ಹಚ್ಚೆ, ಗಲ್ಲದ ಮೇಲಿನ ಮಚ್ಚೆ! ಕರವಸ್ತ್ರ ಕದ್ದವನ ಮರಿಮಕ್ಕಳಿಗೆ ಅಜ್ಜನ ರೂಪ ಕಣ್ಣಿಗೆ ಕಟ್ಟುತ್ತದೆ. ದಕ್ಷಿಣ ಆಸ್ಟ್ರೇಲಿಯಾ ಕೈದಿಗಳನ್ನು ಕಳಿಸಬೇಡಿ ಎಂದು ಮೊದಲೇ ಹೇಳಿ ಹುಟ್ಟಿದ ವಸಾಹತು. ಅದೇ ಈಕೆಯ ಗ್ರಹಚಾರ. ಸರ್ಕಾರದ ತಂಟೆಗೆ ಹೋಗದೆ ದುಡಿದು ಉಂಡವನನ್ನು ಸರ್ಕಾರ ಏಕೆ ಬರೆದಿಡುತ್ತದೆ? ನಮ್ಮ ಕಚೇರಿಯಲ್ಲೂ ಅಷ್ಟೇ. ವ್ಯಾಜ್ಯ ಹೂಡಿದವನ ಕಡತ ಮೊಳದುದ್ದ, ತಗಾದೆಯಿಲ್ಲದೆ ಕಂದಾಯ ಕಟ್ಟಿದವನದು ಒಂದು ಗೆರೆ.

ಆದರೂ ಅಜ್ಜ ಪೂರ್ತಿ ಕೈಬಿಡಲಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನೆಲ್ಲ ಟ್ರೋವ್ ಎಂಬ ಹೆಸರಿನಲ್ಲಿ ಬಿಟ್ಟಿಯಾಗಿ ಬಿಚ್ಚಿಟ್ಟಿದೆ. ಯಂತ್ರ ತಪ್ಪು ಓದಿದ ಅಕ್ಷರಗಳನ್ನು ಓದುಗರೇ ತಿದ್ದಬಹುದು. ನಾನು ರಾತ್ರಿ ಹನ್ನೊಂದರವರೆಗೆ ತಿದ್ದುತ್ತ ಕೂತರೆ ಮಗಳು, "ಅಪ್ಪ, ಅವರೇನು ಸಂಬಳ ಕೊಡ್ತಾರಾ?" ಎಂದು ಕೇಳುತ್ತಿದ್ದಳು. ಮೂರನೆಯ ವಾರ, ಹಂದಿ ಕಳೆದುಹೋದ ಜಾಹೀರಾತಿನ ಕೆಳಗೆ, ಆರನೆಯ ಬಗೆಯ ಕಾಗುಣಿತದಲ್ಲಿ, ಅಜ್ಜ! ಬರ್ರಾದ ನ್ಯಾಯಾಲಯ, ಕುಡಿದು ಬೀದಿಯಲ್ಲಿ ಗಲಾಟೆ, ಐದು ಶಿಲ್ಲಿಂಗ್ ದಂಡ. ಎರಡೂವರೆ ಸಾಲು. ಮೆಥಡಿಸ್ಟ್ ಚಾಪೆಲ್ಲಿನ ಮಗು! ಹೇಗೆ ಹೇಳುವುದೋ ಎಂದು ಅಳುಕುತ್ತ ಬೇಲಿಯ ಬಳಿ ಹೋದೆ. ಆಕೆ ಕೈತಟ್ಟಿ ನಕ್ಕಳು, ಒಳಗೆ ಹೋಗಿ ಒಂದು ತಟ್ಟೆ ಪ್ಯಾಸ್ಟಿ ತಂದಳು.

ಪ್ಯಾಸ್ಟಿ ಎಂದರೆ ಅಂಚು ಹೆಣೆದ ದೊಡ್ಡ ಕರ್ಜಿಕಾಯಿ; ಒಳಗೆ ಕೊಬ್ಬರಿ ಸಕ್ಕರೆಯ ಬದಲು ಮಾಂಸ, ಆಲೂಗೆಡ್ಡೆ, ಈರುಳ್ಳಿ. ಗಣಿಯವರ ಬುತ್ತಿ ಅದು. ನಮಗಾಗಿ ಮಾಂಸ ಬಿಟ್ಟು ಮಾಡಿದ್ದಳು. ಆ ದಂಡದ ಸುದ್ದಿ ಈಗ ಚೌಕಟ್ಟು ಹಾಕಿಸಿಕೊಂಡು ಆಕೆಯ ನಡುಮನೆಯಲ್ಲಿದೆ.

ದಂಡದ ತಾರೀಖು ಮನೆತನದ ಇನ್ನೊಂದು ಕತೆಯನ್ನು ಮುಳುಗಿಸಿತು, ಅದನ್ನು ನಾನು ಮೆಲ್ಲಗೆ ಹೇಳಬೇಕಾಯಿತು. 1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಾಗ ಬರ್ರಾದ ಗಂಡಸರೆಲ್ಲ ಗುಳೆ ಎದ್ದರು. ಅವರ ಚಿನ್ನವನ್ನು ಊರಿಗೆ ತಲುಪಿಸಲು 1852ರಲ್ಲಿ ಟೋಲ್ಮರ್ ಎಂಬ ಪೊಲೀಸ್ ಅಧಿಕಾರಿ ಕುದುರೆ ಕಾವಲು ಕಟ್ಟಿಕೊಂಡು ಹೊರಟ. ಅಜ್ಜನೂ ಹೋಗಿ ಕೋಳಿಮೊಟ್ಟೆಯಷ್ಟು ಚಿನ್ನ ತಂದ ಎಂದು ಮನೆಯಲ್ಲಿ ಪ್ರತೀತಿ. ದಂಡದ ಸಾಲು ಅದೇ ವರ್ಷದ್ದು. ಕೋಳಿಮೊಟ್ಟೆ ಚಿನ್ನ ಕಂಡವನು ಐದು ಶಿಲ್ಲಿಂಗ್ ಕಟ್ಟಲು ಒಂದು ವಾರ ವಾಯಿದೆ ಬೇಡುವುದಿಲ್ಲ. ಆಕೆ, "ಕ್ವೇಲ್ ಹಕ್ಕಿಯ ಮೊಟ್ಟೆಯಷ್ಟಾದರೂ?" ಎಂದಳು. ಇರಲಿ ಎಂದೆ.

ಡಬ್ಬದ ಏಳನೆಯ ಕಾಗದವನ್ನು ನಾನು ಕೊನೆಗೆ ಬಿಚ್ಚಿದೆ. ಕಾರ್ನ್‌ವಾಲ್‌ನಿಂದ ಬಂದ ಪತ್ರ. 1866ರ ನಂತರ ಅಲ್ಲಿನ ತಾಮ್ರದ ಗಣಿಗಳು ಮುಳುಗಿ ಸಂಸಾರಗಳು ಚದುರಿದ್ದವು. ಅಜ್ಜನ ತಮ್ಮನ ಮೊಮ್ಮಗ "ಕೋಲಾರ, ಮೈಸೂರು" ಎಂಬಲ್ಲಿಗೆ ಹೋಗಿದ್ದಾನೆ ಎಂದು ಅದರಲ್ಲಿತ್ತು. ಆಕೆಗೆ ಅದು ಯಾವ ಖಂಡ ಎಂದೇ ತಿಳಿದಿರಲಿಲ್ಲ. ನನಗೆ ರೋಮಾಂಚನ. 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾರ್ನ್‌ವಾಲ್‌ನ ಗಣಿಯವರನ್ನು ತರಿಸಿತ್ತು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹರಿದದ್ದು ಅದೇ ಗಣಿಗೆ. 2001ರ ಫೆಬ್ರವರಿ 28ರಂದು ಅದು ಮುಚ್ಚಿತು. ಒಬ್ಬ ಅಜ್ಜ ಬರ್ರಾದ ಗುಂಡಿಯ ತಳದಲ್ಲಿ, ಇನ್ನೊಬ್ಬ ನಮ್ಮ ಮನೆಯಿಂದ ನೂರು ಕಿಲೋಮೀಟರ್ ದೂರದ ಗುಂಡಿಯ ತಳದಲ್ಲಿ.

ವೀಸಾ ಮುಗಿದು ಈಗ ಬೆಂಗಳೂರಿನಲ್ಲಿದ್ದೇನೆ. ಅಡಿಲೇಡಿನಿಂದ ವಾರಕ್ಕೊಂದು ವಿಚಾರಣೆ ಬರುತ್ತದೆ. ನಾಡಿದ್ದು ಕೆಜಿಎಫ್‌ಗೆ ಹೊರಟಿದ್ದೇನೆ. ಬಿಸಿಲಿಗೆ ಕೊಡೆ, ಬುತ್ತಿಗೆ ನನ್ನವಳು ಮಾಡಿದ ಕರ್ಜಿಕಾಯಿ. ಈ ಓದುಗರಲ್ಲಿ ಆ ಕಡೆಯವರು ಇದ್ದೇ ಇರುತ್ತೀರಿ. ಸೈನೈಡ್ ದಿಬ್ಬದ ಸುತ್ತಮುತ್ತ, ಹಳೆಯ ಸಮಾಧಿಗಳ ನಡುವೆ, ಟ್ರೆ ಎಂದು ಶುರುವಾಗುವ ಹೆಸರಿನ ಕಲ್ಲು ಕಂಡಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಕಾಗುಣಿತ ಹೇಗಿದ್ದರೂ ಪರವಾಗಿಲ್ಲ.